ಕೆಂಪು ದೀಪದ ಮೇಲಿನ ಪಟ್ಟಿ

ಸೇರ್ವಾ,

ಇವತ್ತು ಕಾರು ಮುಟ್ಟಬೇಡ. ಎರಡೂ ಕೀಲಿ ನನ್ನ ಹತ್ತಿರವೇ ಇವೆ, ನಿನ್ನ ಚೀಲ ತಡಕಿದ್ದು ನಾನೇ. ಚಕ್ರದ ಹಿಂದಿಟ್ಟ ಕಲ್ಲನ್ನು ಮಕ್ಕಳು ತೆಗೆಯದ ಹಾಗೆ ನೋಡಿಕೋ.

ನಿನ್ನಕ್ಕನ ಮಗುವಿನ ನಾಮಕರಣಕ್ಕೆ ಟ್ರೋಟ್ರೋ ವ್ಯಾನಿನಲ್ಲೇ ಹೋಗಿ. "ಜರ್ಮನ್ ಕಾರಿನ ಯಜಮಾನಿ ವ್ಯಾನ್ ಹತ್ಕೊಂಡು ಬಂದ್ಲು ನೋಡ್ರೇ" ಅಂತ ಅವಳು ನಗಲಿ ಬಿಡು. ಜೋಳದ ಕಡುಬು ಕೆಂಕೆ ಪಾತ್ರೆಯಲ್ಲಿದೆ, ತಿಂದು ಹೊರಡಿ.

ನಿನ್ನೆ ಅಬುರಿ ಗುಡ್ಡ ಇಳಿಯುವಾಗ ಬ್ರೇಕ್ ತುಳಿದರೆ ಕಾಲು ಸೀದಾ ನೆಲ ಮುಟ್ಟಿತು. ಮೂರನೇ ತುಳಿತಕ್ಕೆ ಹಿಡಿಯಿತು. ನಿನ್ನೆದುರು ಹೇಳಲು ಬಾಯಿ ಬರಲಿಲ್ಲ. ಅದಕ್ಕೇ ಈ ಚೀಟಿ.

ಸ್ಟೀರಿಂಗ್ ಮುಂದೆ ಉರಿಯುತ್ತಿದ್ದ ಬ್ರೇಕಿನ ಎಚ್ಚರಿಕೆಯ ಕೆಂಪು ದೀಪ ಆರಿತೆಂದು ನೀನು ಚರ್ಚಿನಲ್ಲಿ ಎದ್ದು ನಿಂತು ದೇವರಿಗೆ ವಂದನೆ ಹೇಳಿದೆಯಲ್ಲ, ಅದು ಆರಿರಲಿಲ್ಲ. ಬಿಡಿಭಾಗದ ಬೆಲೆ ಕೇಳಿ ನಾನು ಬೆಚ್ಚಿದ್ದು ಕಂಡು ಫಿಟ್ಟರ್ ಅಗ್ಯಾಪಾಂಗ್, "ಅಣ್ಣಾ, ದೀಪ ಕಂಡ್ರೆ ತಾನೆ ಹೆದ್ರಿಕೆ? ಅದ್ರ ಮೇಲೆ ಒಂದು ಟೇಪಿನ ಪಟ್ಟಿ ಅಂಟಿಸ್ಬಿಡೋಣ" ಅಂದ. ನಾನು ಹೂಂ ಅಂದೆ. ನೀನು ಸಾಕ್ಷಿ ಹೇಳುವಾಗ ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಬಿಡಿಭಾಗ ತರಲು ಅಬೊಸಿ ಒಕಾಯ್ ಸಂತೆಗೆ ಹೊರಟಿದ್ದೇನೆ. ಭಾನುವಾರ ಚರ್ಚಿನಲ್ಲಿ ನಾನೇ ಎದ್ದು ನಿಜ ಹೇಳುತ್ತೇನೆ.

ಆ ಕಪ್ಪು ಪಟ್ಟಿಯನ್ನು ಕಿತ್ತು ಈ ಚೀಟಿಯ ಕೆಳಗೆ ಅಂಟಿಸಿದ್ದೇನೆ. ನಿನ್ನ ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ. ಎರಡು ವಾರ ಮಕ್ಕಳನ್ನು ಕೂರಿಸಿಕೊಂಡು ನೀನು ದಿನವೂ ಆ ಗುಡ್ಡ ಇಳಿದದ್ದು ಇದನ್ನು ನಂಬಿ.

ಒಬೆಂಗ್