ಬಾಗಿಲ ಮುಂದಿನ ಚಪ್ಪಲ್

ಕಮಠಾಣ, ೧೯೪೮

ಅಪ್ಪಾ,

ಸೋಲಾಪುರದಾಗ ನೀ ಎಲ್ಲಿದ್ದಿ ಅಂತ ಗೊತ್ತದ. ಆದ್ರೂ ಇದನ್ನ ಕಳಸಂಗಿಲ್ಲ.

ಪ್ರತಿ ಐತವಾರ "ಅಂಜಬ್ಯಾಡ್ರಿ" ಅಂತ ಹೇಳ್ತಿದ್ದ ಪಾದ್ರಿ ನೀ. ನಿಜಾಮನ ಕಡಿ ರಜಾಕಾರರು ಊರು ಸುಡಾಕ ಬರ್ತಾರಂದ ಕೂಡ್ಲೇ ಹೊಸ ಚಪ್ಪಲ್ ಮೆಟ್ಕೊಂಡು, "ಮೊದಲ ನಾ ಹೋಗಿ ಜಾಗ ನೋಡ್ತೇನಿ" ಅಂದು ಹೋದಿ. ನಾನೂ ಅವ್ವನೂ ಉಳದ್ವಿ.

ಈಗ ರಜಾಕಾರರು ಹೋಗ್ಯಾರ, ಹಿಂದುಸ್ತಾನದ ಫೌಜು ಬಂದದ. ರಜಾಕಾರರ ಮ್ಯಾಲಿನ ಸಿಟ್ಟು ಊರ ಸಾಬರ ಮ್ಯಾಲೆ ತೀರಿಸ್ಕೊಳ್ಳಾಕ ನಿನ್ನಿ ಮಧ್ಯಾಹ್ನ ಊರ ಮಂದಿ ಬಡಿಗಿ ಹಿಡ್ಕೊಂಡು ಬಂದ್ರು. ನೆರಮನಿ ಚಾಂದಬೀ ಮಕ್ಕಳನ್ನ ಕರಕೊಂಡು ನಮ್ಮ ಚರ್ಚಿನೊಳಗ ಅಡಗಿದ್ಳು. ಚಪ್ಪಲ್ ಹೊರಗ ಬಿಟ್ಟೇ ಒಳಗ ಹೋಗ್ತೇವಲ್ಲ, ಅದಕ್ಕ ನಿನ್ನ ಹಳೇ ಚಪ್ಪಲ್ ತಂದು ಬಾಗಿಲ ಮುಂದ ಇಟ್ಟೆ.

"ಪಾದ್ರಿ ಬಂದಾರೇನು?" ಅಂದ ಬಡಿಗಿ ಹಿಡ್ಕೊಂಡು ಮುಂದ ನಿಂತಿದ್ದ ಹಾವಗೆಪ್ಪ.

"ಹೌದ್ರಿ ಕಾಕಾ. ಪ್ರಾರ್ಥನಿಗಿ ಕುಂತಾರ."

ಮನಸ್ಸಿನಾಗೇ ಯೇಸಪ್ಪಾ ಅಂದೆ. ಆತ ಅಂಜಿಕಿ ತೆಗಿಲಿಲ್ಲ, ಓಡದಂಗ ಹಿಡ್ಕೊಂಡ, ಅಷ್ಟೇ. ನಿನ್ನ ಕೈಲೆ ಜ್ವರದ ಔಷಧ ಕುಡದ ಮಂದಿ ಅವರು. ಚಪ್ಪಲಿಗಿ ಕೈ ಮುಗದು ಹೋದ್ರು.

ಇವತ್ತು ಮುಂಜಾನಿ ಅವ್ವ ಅಲ್ಲೇ ಕುಂತು ಆ ಚಪ್ಪಲಿಗಿ ಎಣ್ಣಿ ಹಚ್ಚತಿದ್ಳು. ಅವು ನಿಂತಲ್ಲಿ ನೀ ನಿಲ್ಲಲಿಲ್ಲ ಅಂತ ಆಕಿಗಿ ನಾ ಹೇಳಲಿಲ್ಲ.