ನಿಮ್ಮ ಪದ್ಮಿನಿಯ ಮೂತಿ ಇಳಿಸಿದೆ

ಅತ್ತೆಯವರಿಗೆ,

ನಿಮ್ಮ ಕಾರಿನ ಮೂತಿ ಇಳಿಸಿದ್ದೇನೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬದುಕಿದ್ದಾಗ ನೀವು ನನ್ನ ಕ್ಷೇಮ ಕೇಳಿದವರಲ್ಲ, ಈಗ ನಿಮ್ಮ ಕ್ಷೇಮ ಕೇಳುವ ಹಂಗು ನನಗೂ ಇಲ್ಲ. ಮುಂದಿನ ಎರಡೂ ಸ್ಪ್ರಿಂಗ್ ಬಿಚ್ಚಿಸಿ ಗುಜರಿಗೆ ಹಾಕಿದೆ. ನಿಮ್ಮ ಮಗನ ಕೈ ತಿಂದ ಸ್ಪ್ರಿಂಗುಗಳನ್ನು ಅಷ್ಟು ವರ್ಷ ಆ ಕಾರಿನಲ್ಲೇ ಹೇಗೆ ಇಟ್ಟುಕೊಂಡಿದ್ದಿರಿ ಅಂತ... ಇರಲಿ. ಹೇಳುತ್ತಾ ಹೋಗುತ್ತೇನೆ.

ನಾನು ಮದುವೆಯಾಗಿ ಅಮರಾಪುರದಿಂದ ರಾಯದುರ್ಗಕ್ಕೆ ಬಂದ ದಿನ ನಿಮಗೆ ನೆನಪಿದೆಯೇ? ಮನೆಯ ಮುಂದೆ ಕೆನೆ ಬಣ್ಣದ ಪದ್ಮಿನಿ ಕಾರು ನಿಂತಿತ್ತು. ಮಾವನವರು ತೀರಿಕೊಂಡ ಮೇಲೆ ಜೀನ್ಸ್ ಹೊಲಿಯುವ ಯೂನಿಟ್ಟನ್ನೂ ಆ ಕಾರನ್ನೂ ಒಬ್ಬರೇ ಉಳಿಸಿಕೊಂಡು ಬಂದ ಹೆಂಗಸು ನೀವು ಅಂತ ನಮ್ಮಪ್ಪ ಹೇಳಿದ್ದರು. ನನಗೆ ಹೆಮ್ಮೆಯಾಗಿತ್ತು. ಅದಕ್ಕೇ ಬಾಯಿಬಿಟ್ಟು ಅಂದೆ, "ಕಾರು ಬಲೇ ಚೆನ್ನಾಗೈತೆ ಕಣತ್ತೆ." ನೀವು ಹೊಲಿಯುವವರ ಕಡೆ ತಿರುಗಿದಿರಿ. "ಕಣ ಅಂತಾಳ ನೋಡ್ರೇ. ಶೇಂಗಾ ಬಡಿಯೋ ಕಣ ಇಲ್ಲಿಲ್ಲವ್ವ, ಇದು ರಾಯದುರ್ಗ." ಎಲ್ಲ ಮಿಷನ್ನುಗಳೂ ನಿಂತು ನಕ್ಕವು. ಅಂದಿನಿಂದ ನಾನು ಆ ಮನೆಯಲ್ಲಿ 'ಅಮರಾಪುರದಾಕಿ'. ಅಪ್ಪ ಅಮ್ಮ ಇಟ್ಟ ಹೆಸರು ನಿಮ್ಮ ನಾಲಿಗೆಗೆ ಅಷ್ಟೊಂದು ಭಾರವಾಗಿತ್ತೇ?

ಗುಮ್ಮಘಟ್ಟದ ಕಡೆಯ ಹಳ್ಳಿಗಳಿಗೆ ಕತ್ತರಿಸಿದ ಬಟ್ಟೆ ಕೊಟ್ಟು, ಹೊಲಿದ ಪ್ಯಾಂಟು ತರಲು ಹೋಗುತ್ತಿದ್ದೆವಲ್ಲ. ನಿಮ್ಮ ಮಗ ಕಾರು ಓಡಿಸುತ್ತಿದ್ದರು, ಮುಂದಿನ ಸೀಟಿನಲ್ಲಿ ನೀವು, ಹಿಂದೆ ಗಂಟುಗಳ ನಡುವೆ ಇನ್ನೊಂದು ಗಂಟಿನಂತೆ ನಾನು. ಆಗಲೇ ಕಾರಿನ ಮುಂಭಾಗ ಕುಸಿದಿತ್ತು. ಹಂಪು ಬಂದರೆ ಅಡಿ ಉಜ್ಜುತ್ತಿತ್ತು, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ತಾಗುತ್ತಿತ್ತು. ಹಳೇ ಸ್ಪ್ರಿಂಗು ಸೋತಿವೆ, ಹೊಸ ಜೋಡಿ ಹಾಕಿಸಿ ಎಂದು ಮೆಕ್ಯಾನಿಕ್ ಬಾಷಾ ಹೇಳಿದ್ದ. ಅಷ್ಟೇ ಆಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ನಿಮಗೆ ಅಷ್ಟು ಸಾಲಲಿಲ್ಲ. ನಿಮ್ಮ ತಂಗಿಯ ಮನೆಯ ಹೊಸ ಕಾರು ಎತ್ತರಕ್ಕೆ ನಿಂತಿದ್ದನ್ನು ನೋಡಿ ಬಂದಿದ್ದಿರಿ. ಬಳ್ಳಾರಿಯ ಗುಜರಿ ಅಂಗಡಿಯಿಂದ ಜೀಪಿನವೋ ಯಾವುದರವೋ, ಹೆಬ್ಬೆರಳು ದಪ್ಪದ ಸ್ಪ್ರಿಂಗು ತರಿಸಿದಿರಿ.

ಅವನ್ನು ಅಂಗಳದಲ್ಲಿ ಇಟ್ಟಾಗ ನಾನು ಸುಮ್ಮನಿರಲಾಗದೆ ಮಾತಾಡಿದೆ. "ಅತ್ತೆ, ಇವು ಈ ಕಾರಿಗೆ ಬ್ಯಾಡ. ಮಿಷನ್ನಲ್ಲಿ ಟೆನ್ಷನ್ ಬಿಗಿ ಜಾಸ್ತಿಯಾದ್ರೆ ದಾರ ಕಡಿಯಾಕಿಲ್ವಾ? ಅಂಗೇ ಇದೂನು. ಕಾರು ಎತ್ತಿ ಎತ್ತಿ ಒಗೀತೈತೆ."

"ಸೂಜಿ ಹಿಡಿಯಾಕಿಗೆ ಸ್ಪ್ರಿಂಗ್ ಉಸಾಬರಿ ಯಾಕ?" ಎಂದಿರಿ ನೀವು. "ಕಾರು ಅಂದ್ರ ಮೂತಿ ಎತ್ತಿ ನಿಂದ್ರಬೇಕು. ನಿಮ್ಮ ಕಡೆ ಕುರಿ ಹಂಗ ತಲಿ ತಗ್ಗಿಸಿ ನಿಂದ್ರಾಕ ಇದೇನು ಅಮರಾಪುರದ್ದಾ?"

ಬಾಷಾ ಬಂದು ನೋಡಿ ತಲೆ ಅಲ್ಲಾಡಿಸಿದ. ಇಷ್ಟು ಗಟ್ಟಿ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಕ್ಲ್ಯಾಂಪು ತನ್ನ ಹತ್ತಿರ ಇಲ್ಲ, ಬಳ್ಳಾರಿಯಿಂದ ತರಿಸಬೇಕು, ಅಲ್ಲಿಯವರೆಗೆ ಮುಟ್ಟಬೇಡಿ ಎಂದ. ಆದರೆ ಮರುದಿನ ಕಲ್ಯಾಣದುರ್ಗದಲ್ಲಿ ನಿಮ್ಮ ತಂಗಿಯ ಮಗಳ ಮದುವೆ. ತಂಗಿಯ ಮುಂದೆ ಕುಸಿದ ಕಾರಿನಿಂದ ಇಳಿಯುವುದು ಹೇಗೆ, ಅಲ್ಲವೇ? "ಅವಂಗ ಬರಂಗಿಲ್ಲ, ಅದಕ್ಕ ಹಂಗಂತಾನ. ತಿಪ್ಪೇಶಿ, ನೀನ ಹಾಕು. ತಂತಿ ಸುತ್ತಿ ಬಿಗಿ, ಕೆಳಗ ಜಾಕ್ ಕೊಡು," ಎಂದು ಮಗನಿಗೆ ಹೇಳಿದಿರಿ. ಅವರು ನನ್ನ ಮುಖ ನೋಡಿದರು. ಆಮೇಲೆ ನಿಮ್ಮ ಮುಖ ನೋಡಿದರು. ಯಾರ ಮುಖ ಗೆಲ್ಲುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಎಡಗಡೆಯದು ಹೇಗೋ ಕೂತಿತು. ಬಲಗಡೆಯದಕ್ಕೆ ಸುತ್ತಿದ್ದ ತಂತಿ ಕಡಿದುಹೋಯಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ದೊಡ್ಡ ಸದ್ದೇನಲ್ಲ, ಬೋಲ್ಟಿನಿಂದ ಬಕೆಟ್ಟಿಗೆ ಹೊಡೆದಂತೆ. ಸ್ಪ್ರಿಂಗು ಗೋಡೆಗೆ ಬಡಿದು ಬಿದ್ದಿತು. ಹೋಗುವ ದಾರಿಯಲ್ಲಿ ಅವರ ಬಲಗೈಯನ್ನು... ರಾಯದುರ್ಗದಲ್ಲೇ ಒಳ್ಳೆಯ ಕಟಿಂಗ್ ಮಾಸ್ಟರ್ ಎಂದು ಹೆಸರು ಮಾಡಿದ್ದ ಕೈ ಅದು. ಗೇಣೆತ್ತರಕ್ಕೆ ಪೇರಿಸಿದ ಬಟ್ಟೆಯನ್ನು ಒಂದು ನೂಲೂ ಜಾರದಂತೆ ಕತ್ತರಿಸುತ್ತಿದ್ದ ಕೈ. ಆಸ್ಪತ್ರೆಯ ವರಾಂಡದಲ್ಲಿ ಬಂಧುಗಳೆಲ್ಲ ನಿಂತಿರುವಾಗ ನೀವು ಹೇಳಿದ ಮಾತು ಇದು: "ಎಲ್ಲಾ ಈಕಿ ಕಾಲ್ಗುಣ. ಕೆಲಸಕ್ಕ ಮೊದಲ ಅಪಶಕುನ ನುಡದ್ಲು." ಮಗನ ನೆತ್ತರು ನನ್ನ ಸೀರೆಯಲ್ಲಿ ಇನ್ನೂ ಒಣಗಿರಲಿಲ್ಲ, ಅತ್ತೆ.

ಬೆರಳುಗಳು ಉಳಿದವು, ಮಡಚಲಿಲ್ಲ. ಕತ್ತರಿಸಲಾಗದವರು ಯೂನಿಟ್ಟಿನಲ್ಲಿ ನಿಂತು ಏನು ಮಾಡಬೇಕು? ನೀವು ಬೇರೆ ಕಟಿಂಗ್ ಮಾಸ್ಟರನ್ನು ಕರೆಸಿ, ಅವರು ನಿಲ್ಲುತ್ತಿದ್ದ ಟೇಬಲ್ಲನ್ನೇ ಕೊಟ್ಟಿರಿ. ಅದನ್ನು ನೋಡಿಕೊಂಡು ಅವರು ಅಲ್ಲಿ ಇರಲಾರದಾದರು. ನಾವು ಬೆಂಗಳೂರಿಗೆ ಹೋದೆವು. ನಮ್ಮ ಅಮರಾಪುರ, ಮಡಕಶಿರಾ ಕಡೆಯ ಎಷ್ಟೋ ಹುಡುಗಿಯರು ಆಗಲೇ ಅಲ್ಲಿನ ಗಾರ್ಮೆಂಟ್ಸ್ ಸೇರಿದ್ದರು, ಅವರ ಹಿಂದೆ ನಾನೂ ಸೇರಿದೆ. ದಿನವಿಡೀ ಕಾಲರ್ ಕೂರಿಸುವುದು ನನ್ನ ಕೆಲಸ. ನಿಮ್ಮ ಮಗ ಒಂದು ಗೋದಾಮಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಬಲಗೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡರು. ನೀವು ಫೋನ್ ಮಾಡಿದಾಗ ಮಳೆ ಕೇಳುತ್ತಿದ್ದಿರಿ, ಊಟ ಕೇಳುತ್ತಿದ್ದಿರಿ. ಕೈ ಹೇಗಿದೆ ಎಂದು ಒಂದು ಸಲ... ಒಂದೇ ಒಂದು ಸಲ ಕೇಳಿದ್ದರೆ?

ನೀವು ಹೋದ ಸುದ್ದಿ ಬಂದಾಗ ನಾನು ಮಿಷನ್ ಮೇಲಿದ್ದೆ. ಸೂಪರ್‌ವೈಸರ್ ಬಂದು, "ನಿಮ್ಮತ್ತೆ ತೀರ್ಕೊಂಡ್ರಂತೆ, ಹೊರಡಮ್ಮ," ಅಂದಳು. ಹಿಡಿದಿದ್ದ ಕಾಲರ್ ಪೂರ್ತಿ ಮಾಡಿಯೇ ಎದ್ದೆ. ಹೊಲಿಗೆ ಎಲ್ಲೂ ತಪ್ಪಿರಲಿಲ್ಲ. ನಿಮಗಾಗಿ ನನ್ನ ಕಣ್ಣಲ್ಲಿ ನೀರು ಬರಲಿಲ್ಲ, ಅದನ್ನು ಮುಚ್ಚಿಟ್ಟು ಪತ್ರ ಬರೆಯುವವಳಲ್ಲ ನಾನು.

ಕಾರ್ಯ ಮುಗಿದ ಮೇಲೆ ನಾವು ರಾಯದುರ್ಗದಲ್ಲೇ ಉಳಿದೆವು. ಮುಚ್ಚಿದ್ದ ಯೂನಿಟ್ಟಿನ ಬಾಗಿಲು ತೆರೆದು ಮತ್ತೆ ಮಿಷನ್ನುಗಳಿಗೆ ಎಣ್ಣೆ ಹಾಕಿದೆ. ಪಕ್ಕದಲ್ಲೇ ತಾಡಪಾಲಿನಡಿ ನಿಮ್ಮ ಕಾರು, ಮೂತಿ ಎತ್ತಿಕೊಂಡು. ನಾವು ಹೋದ ಮೇಲೆ ಬಾಷಾನಿಂದಲೇ ಬಲಗಡೆಯ ಸ್ಪ್ರಿಂಗನ್ನೂ ಹಾಕಿಸಿಕೊಂಡಿರಂತೆ. ಇದರಲ್ಲಿ ಮೆರೆದಿರಬೇಕು ಇಷ್ಟು ವರ್ಷ ಎಂದು ನಾನು ಅಂದಾಗ, ಗುಂಡಿ ಹಾಕುವ ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು.

"ಇಲ್ಲಮ್ಮ. ಅಮ್ಮಾರು ಆಮ್ಯಾಲೆ ಆ ಕಾರು ಹತ್ತಲೇ ಇಲ್ಲ. ಬಳ್ಳಾರಿಗೆ ಬಸ್ಸಿನ್ಯಾಗ ನಿಂತ್ಕೊಂಡು ಹೋಗೋರು. ಕಾರ್ ಐತಲ್ರೀ ಅಂದ್ರ, ನಂಗದು ಕೂಡಂಗಿಲ್ಲ ಅನ್ನೋರು."

ನಾನು ಕರಗುತ್ತೇನೆ ಎಂದುಕೊಂಡಿದ್ದಳೋ ಏನೋ. ನನಗೆ ಬಂದಿದ್ದು ಸಿಟ್ಟು, ಮೊದಲಿಗಿಂತ ದೊಡ್ಡ ಸಿಟ್ಟು. ನಿಮಗೆ ಗೊತ್ತಿತ್ತು. ತಪ್ಪು ಯಾರದೆಂದು ಗೊತ್ತಿದ್ದೂ ವರಾಂಡದಲ್ಲಿ ಅಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನೀವು ಬಸ್ಸಿನಲ್ಲಿ ನಿಂತು ಹೋದರೆ ನಿಮ್ಮ ಮಗನ ಬೆರಳು ಮಡಚುತ್ತಿತ್ತೇ? ಹುಲಿಗೆಮ್ಮನಿಗೆ ಕಾಣುವಂತೆ ಪಟ್ಟ ನೋವನ್ನು ಅವರಿಗೆ ಕೇಳುವಂತೆ ಒಂದು ಫೋನಿನಲ್ಲಿ ಹೇಳಲು ಏನು ಧಾಡಿಯಾಗಿತ್ತು?

ಮರುದಿನವೇ ಆ ಸ್ಪ್ರಿಂಗು ತೆಗೆಸುವುದೆಂದು ತೀರ್ಮಾನಿಸಿದೆ. ಅವನ್ನೇ ಕತ್ತರಿಸಿ ಗಿಡ್ಡ ಮಾಡಿ ಹಾಕೋಣ ಎಂದ ಗ್ಯಾರೇಜಿನ ಹುಡುಗನೊಬ್ಬ. ಬೆಂಗಳೂರಿನಲ್ಲಿ ನಮ್ಮ ಫ್ಯಾಕ್ಟರಿಯ ಹಿಂದಿನ ಬೀದಿಯಲ್ಲಿ ಸ್ಪ್ರಿಂಗು ಸುತ್ತುವ ಒಬ್ಬ ಮುದುಕರಿದ್ದರು, ಅವರನ್ನು ಕೇಳಲು ಹೋದೆ. "ಕತ್ತರಿಸಿದ್ರೆ ಗಿಡ್ಡ ಆಗತ್ತೆ, ಮೆತ್ತಗಾಗಲ್ಲಮ್ಮ. ಇನ್ನೂ ಗಟ್ಟಿಯಾಗತ್ತೆ," ಎಂದರು. ಆಮೇಲೆ, ನೀವು ಕೇಳದೇ ಹೋದದ್ದನ್ನು ಕೇಳಿದರು: "ಕಾರಲ್ಲಿ ಯಾರು ಕೂರ್ತಾರೆ? ಏನು ತುಂಬ್ತೀರಿ? ರಸ್ತೆ ಎಂಥದ್ದು?" ಹೇಳಿದೆ. ನಿಮ್ಮ ಮಗ ಮುರುಕು ಪೆಟ್ಟಿಗೆಯಲ್ಲಿ ಕಾರಿನ ಹಳೇ ಸ್ಪ್ರಿಂಗು ಇಟ್ಟಿದ್ದರು, ಅದನ್ನು ಮಾದರಿಗೆ ಕೊಟ್ಟೆ. ಅದು ಹೊಸದಿದ್ದಾಗಿನಷ್ಟೇ ಎತ್ತರ ಕೂರುವ, ತಂತಿ ಮಾತ್ರ ಅದಕ್ಕಿಂತ ಒಂದು ಕೂದಲಿನಷ್ಟು ದಪ್ಪವಿರುವ ಜೋಡಿ ಮಾಡಿಸಿದೆ. ಗಂಟು ಹೇರಿದರೆ ಕುಸಿಯಬಾರದು, ಖಾಲಿಯಿದ್ದಾಗ ಕುಪ್ಪಳಿಸಬಾರದು. ಜೊತೆಗೆ ಹೊಸ ಶಾಕ್ ಅಬ್ಸಾರ್ಬರ್, ಹೊಸ ರಬ್ಬರು. ಕ್ಲ್ಯಾಂಪು ಬಾಡಿಗೆಗೆ ತರಲಿಲ್ಲ, ಕೊಂಡುಕೊಂಡೇ ಬಂದೆ.

ಬಾಷಾ ಕೆಲಸಕ್ಕೆ ಕೂತ ಬೆಳಿಗ್ಗೆ ನಿಮ್ಮ ಮಗ ಎದುರಿನ ಕಟ್ಟೆಯ ಮೇಲೆ ಕೂತರು, ರಸ್ತೆ ದಾಟಲಿಲ್ಲ. ನಾನು ಕರೆಯಲೂ ಇಲ್ಲ. ಬಾಷಾ ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಗಾಲಿ ಬಿಚ್ಚಿದ. ಎರಡು ಬದಿಗೂ ಕ್ಲ್ಯಾಂಪು ಹಾಕಿ, ಇತ್ತ ಒಂದು ಸುತ್ತು ಅತ್ತ ಒಂದು ಸುತ್ತು ಬಿಗಿಯುತ್ತಾ ದಪ್ಪ ಸ್ಪ್ರಿಂಗನ್ನು ಕುಗ್ಗಿಸಿದ. ಅದು ಮುಲುಗಿತು. ಆದರೆ ಅದು ಹಾರಲಿಲ್ಲ, ಸುಮ್ಮನೆ ಹೊರಗೆ ಬಂತು, ಅಷ್ಟೇ. ಎರಡನೆಯದಕ್ಕೆ ಬಾಷಾ ಕೈ ಹಾಕುವಾಗ ನನ್ನ ಹಿಂದೆ ನೆರಳು ಬಿತ್ತು.

"ಆ ಕಡೀ ಕ್ಲ್ಯಾಂಪು ಒಂಚೂರು ಹಿಂದ ಉಳದದ, ಬಾಷಾ. ಇಲ್ಲಿ ಕೊಡು," ಎಂದರು ನಿಮ್ಮ ಮಗ. ಎಡಗೈಯಲ್ಲಿ ಸ್ಪ್ಯಾನರ್ ತೆಗೆದುಕೊಂಡರು. ಜೇಬಿನಿಂದ ಬಲಗೈಯೂ ಹೊರಗೆ ಬಂತು. ಹಿಡಿಯಲಾಗದಿದ್ದರೂ ಸ್ಪ್ಯಾನರಿಗೆ ಆನಿಸಿಕೊಂಡಿತು. ಹೊಸ ಜೋಡಿಯನ್ನು ಅವರೇ ಕೂರಿಸಿದರು. ಕಾರು ನೆಲಕ್ಕೆ ಇಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಕೊನೆಯ ಬೋಲ್ಟುಗಳನ್ನು ಬಿಗಿದರು. ಬೆವರು ಒರೆಸಿಕೊಂಡು ನನ್ನ ಕಡೆ ನೋಡಿ, "ಅವತ್ತು ನೀ ಬ್ಯಾಡ ಅಂದಿದ್ದಿ," ಎಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ನಿಮ್ಮಿಂದ ಬರಬೇಕಿದ್ದ ಮಾತು, ಅತ್ತೆ.

ಗುಮ್ಮಘಟ್ಟದ ರಸ್ತೆಯಲ್ಲಿ ಭೈರವಾನಿತಿಪ್ಪದ ಡ್ಯಾಮಿನವರೆಗೆ ಹೋಗಿ ಬಂದೆವು. ಅವರೇ ಓಡಿಸಿದರು. ಮುಂದಿನ ಸೀಟಿನಲ್ಲಿ ನಾನು. ಹಂಪು ಬಂದಾಗ ಕಾರು ಒಮ್ಮೆ ತಗ್ಗಿ ಎದ್ದು ಸುಮ್ಮನಾಯಿತು, ಮತ್ತೆ ಕುಣಿಯಲಿಲ್ಲ. ನೀವು ಇದ್ದಿದ್ದರೆ ಕಾರಿನ ಮರ್ಯಾದೆ ಹೋಯಿತು ಎನ್ನುತ್ತಿದ್ದಿರಿ. ಹೋಗಲಿ ಬಿಡಿ, ಅಂಥ ಮರ್ಯಾದೆ.

ನಿಮ್ಮನ್ನು ಕ್ಷಮಿಸಿದೆ ಎಂದು ಬರೆಯಲು ಇನ್ನೂ ಆಗುತ್ತಿಲ್ಲ. ಮುಂದೆಂದಾದರೂ ಆಗುತ್ತದೆಯೋ, ಗೊತ್ತಿಲ್ಲ. ಆದರೆ ಒಂದು ಸುದ್ದಿ ಇದೆ, ತಾಯಿಯಾದ್ದರಿಂದ ನಿಮಗೆ ತಲುಪಬೇಕು. ಸ್ಪ್ರಿಂಗು ಹಾಕಿದ ಮೇಲೆ ಅವರು ಯೂನಿಟ್ಟಿನ ಒಳಗೆ ಬಂದು ಹಳೇ ಟೇಬಲ್ಲಿನ ಧೂಳು ಒರೆಸಿದರು. ಸೀಮೆಸುಣ್ಣ ಕೇಳಿದರು. ಹರಿದ ಬಟ್ಟೆಯ ತಾನು ಹಾಸಿಕೊಂಡು ಎಡಗೈಯಲ್ಲಿ ಗೆರೆ ಎಳೆದು, ಎಡಗೈಯಲ್ಲೇ ಕತ್ತರಿ ಹಿಡಿದರು. ನಾವು ಯಾರೂ ತಲೆ ಎತ್ತಿ ನೋಡಲಿಲ್ಲ. ಹುಲಿಗೆಮ್ಮ ಮಾತ್ರ ಒಂದೇ ಗುಂಡಿಗೆ ಎಷ್ಟು ಸಲ ದಾರ ಹಾಕಿದಳೋ. ಅವರು ಕತ್ತರಿಸಿದ ಪ್ಯಾಂಟನ್ನು ನಾನೇ ಹೊಲಿದೆ. ಒಂದು ಕಾಲು ಸೊಟ್ಟ. ಯಾವ ಅಂಗಡಿಯವನೂ ತೆಗೆದುಕೊಳ್ಳುವುದಿಲ್ಲ. ಅದನ್ನೇ ಹಾಕಿಕೊಂಡು ಈಗ ಹೊರಗೆ ಕಾರಿನಲ್ಲಿ ಕೂತಿದ್ದಾರೆ. ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಾ ನನ್ನ ಹೆಸರು ಹಿಡಿದು ಕೂಗುತ್ತಿದ್ದಾರೆ, ಬೀದಿಗೆಲ್ಲ ಕೇಳುವಂತೆ.

ಹೋಗಿ ಬರುತ್ತೇನೆ.