ಗರಗಸಕ್ಕೆ ಒಂದೇ ಗೂಟ

ಮಂಗಳವಾರ, ಹನ್ನೊಂದನೆಯ ತಾರೀಖು.

ತಮ್ಮ ತನ್ನ ಹೆಂಡತಿಗೆ ಹೇಳಿದ್ದು ನಿಜವಲ್ಲ. ಗರಗಸ ಅವನ ಕೈಜಾರಿ ಬೀಳಲಿಲ್ಲ. ನಾನು ಅಲ್ಲಿರಲಿಲ್ಲ ಎಂಬುದೂ ಸುಳ್ಳು.

ಅವನ ಮರಗೆಲಸದ ಕೋಣೆಯನ್ನು ಒಪ್ಪಮಾಡುವೆನೆಂದು ಹಟ ಹಿಡಿದವಳೇ ನಾನು. ಅರವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದವಳಿಗೆ ಈ ಉಪಕರಣಗಳೇನು ಮಹಾ! ಭಾರದ ಸುತ್ತಿಗೆಗಳನ್ನು ಕೆಳಗಿನ ಹಲಗೆಯ ಮೇಲೆ ಜೋಡಿಸಿದೆ. ಇಬ್ಬರು ಹಿಡಿದು ಎಳೆಯುವ ಆಳುದ್ದದ ಗರಗಸವೊಂದು ಉಳಿಯಿತು.

"ಅಕ್ಕ, ಅದಕ್ಕೆ ಎರಡು ಗೂಟ ಬೇಕು."

"ಒಂದು ಸಾಕು. ನನಗೇ ಪಾಠ ಹೇಳ್ತೀಯಾ?"

"ಅಯ್ಯೋ, ಅಷ್ಟು ಧೈರ್ಯ ಯಾರಿಗಿದೆ ಟೀಚರಮ್ಮ!"

ನೇತುಹಾಕಿ ಕೈಬಿಟ್ಟೆ. ಅದು ಓಲಾಡಿ ನನ್ನ ಮೇಲೆಯೇ ಬಂತು. ಅವನು ಕೈ ಅಡ್ಡ ಕೊಟ್ಟ. ಬಲಗೈಗೆ ಏಳು ಹೊಲಿಗೆ. ಒಂದು ತಿಂಗಳು ಉಳಿ ಹಿಡಿಯುವಂತಿಲ್ಲ.

"ಅತ್ತಿಗೆ ಜೊತೆಗಿದ್ದಿದ್ದರೆ ಹೀಗಾಗ್ತಿತ್ತಾ? ಅವರನ್ನ ನೋಡಿಯಾದರೂ ಅಚ್ಚುಕಟ್ಟು ಕಲೀರಿ!" ಎಂದು ಅವನ ಹೆಂಡತಿ ನನ್ನತ್ತ ಕೈ ತೋರಿಸಿ ಅವನನ್ನು ತರಾಟೆಗೆ ತೆಗೆದುಕೊಂಡಳು. ಅವನು ತಲೆ ತಗ್ಗಿಸಿ ನಕ್ಕ. ನಾನು ತುಟಿಪಿಟಕ್ಕೆನ್ನಲಿಲ್ಲ. ಇಷ್ಟಕ್ಕಿಂತ ಚಿಕ್ಕ ಸುಳ್ಳಿಗೆ ಎಷ್ಟು ಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದೇನೆ!

ಈ ರಾತ್ರಿ ಮೂರು ಸಲ ಎದ್ದು ಅವಳ ಬಾಗಿಲಿನವರೆಗೆ ಹೋದೆ. ಮೂರು ಸಲವೂ ನೀರು ಕುಡಿದು ಹಿಂದಿರುಗಿದೆ. ಬೆಳಿಗ್ಗೆ ಅವಳು ಒಲೆ ಹಚ್ಚುವ ಮುನ್ನ ಈ ಪುಟವನ್ನೇ ಅವಳ ಕೈಗೆ ಕೊಡುವೆ. ಬಾಯಿಂದ ಬಾರದು.

ಆಗ ಕೋಣೆಯಲ್ಲಿ ಹಾಜರಿದ್ದವರು: ಎರಡು ಗೂಟ ಬೇಕೆಂದ ತಮ್ಮ. ಒಂದು ಸಾಕೆಂದ ನಾನು.